ತೊಲೆಯಿಂದ ಗಿಟಾರ್: ಮೊದಲು ಒಂದು ತಂತಿ, ಆಮೇಲೆ ಆರು

ಯಲಬುರ್ಗಾ ಕಡೆಯ ನನ್ನ ಸೋದರಮಾವನ ಮಾಳಿಗೆ ಮನೆಯನ್ನು ಕೆಡವಿದಾಗ ತೊಲೆ, ಜಂತಿಗಳನ್ನೆಲ್ಲ ಅಂಗಳದಲ್ಲಿ ಒಟ್ಟಿದ್ದರು. ಹೊಗೆ ಕುಡಿದು ಕಪ್ಪಾಗಿದ್ದ ಒಂದು ಸಾಗುವಾನಿ ತೊಲೆಯ ತುದಿಯನ್ನು ಕೊಯ್ದು ನೋಡಿದರೆ ಒಳಗೆ ಜೇನುಬಣ್ಣದ ಮರ. ಗೆಣ್ಣಿನಿಂದ ತಟ್ಟಿದರೆ ಠಣ್ಣೆನ್ನುತ್ತಿತ್ತು. ‘ಬಾಗಿಲಿಗೆ ಆಗುತ್ತದೆ’ ಎಂದರು ಮಾವ. ನನಗೆ ಅದರಲ್ಲಿ ಎಲೆಕ್ಟ್ರಿಕ್ ಗಿಟಾರ್ ಕಂಡಿತು. ಅದು ಕೊಪ್ಪಳದ ನಮ್ಮ ಮನೆಯ ಪಡಸಾಲೆಯಲ್ಲಿ ಗಿಟಾರಾಗಿ ಎದ್ದು ನಿಲ್ಲಲು ಹದಿನಾಲ್ಕು ತಿಂಗಳು ಹಿಡಿಯಿತು. ಅದರಲ್ಲಿ ಒಂಬತ್ತು ತಿಂಗಳು ಮಾಡಿದ್ದನ್ನು ಬಿಚ್ಚಿ ಮತ್ತೆ ಮಾಡುವುದರಲ್ಲೇ ಹೋಯಿತು. ಆ ಒಂಬತ್ತು ತಿಂಗಳು ನಿಮಗೆ ಉಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಹಳೆಯ ಮರದಿಂದ ಗಿಟಾರ್ ಮಾಡುವುದು ಹುಚ್ಚು ಸಾಹಸವೇನಲ್ಲ. ಕ್ವೀನ್ ಎಂಬ ಬ್ರಿಟಿಷ್ ರಾಕ್ ತಂಡದ ಗಿಟಾರ್ ವಾದಕ ಬ್ರಯಾನ್ ಮೇ ಹದಿಹರೆಯದ ಹುಡುಗನಾಗಿದ್ದಾಗ, 1963ರಲ್ಲಿ, ತಂದೆಯ ಜೊತೆ ಕೂತು ಮಾಡತೊಡಗಿದ ಗಿಟಾರಿನ ಕತ್ತು ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರದಿಂದ ಬಂದದ್ದು. ಅದರಲ್ಲಿ ಮೋಟಾರ್ ಸೈಕಲ್ಲಿನ ವಾಲ್ವ್ ಸ್ಪ್ರಿಂಗುಗಳೂ ಇದ್ದವು. ನಂತರದ ದಶಕಗಳಲ್ಲೂ ಆತ ವೇದಿಕೆಯ ಮೇಲೆ ನುಡಿಸಿದ್ದು ಅದನ್ನೇ.

ಮೊದಲಿಗೆ ಒಂದು ವಿಷಯ ಇತ್ಯರ್ಥವಾಗಲಿ. ಮನೆಯಲ್ಲಿ ಮಾಡಿದ್ದು ಎನ್ನಲು ಪ್ರತಿಯೊಂದು ಸ್ಕ್ರೂವನ್ನೂ ನೀವೇ ಕಡೆಯಬೇಕಾಗಿಲ್ಲ. ತಂತಿ ಬಿಗಿಯುವ ಕೀಲಿಗಳು, ಒಡಲಿನ ಮೇಲೆ ತಂತಿಗಳನ್ನು ಹೊರುವ ಬ್ರಿಡ್ಜ್, ಕತ್ತಿನ ಮೇಲೆ ಅಡ್ಡಡ್ಡ ಕೂರುವ ಲೋಹದ ಪಟ್ಟಿಗಳಿಗೆ (ಫ್ರೆಟ್) ಬೇಕಾದ ಫ್ರೆಟ್ ತಂತಿ, ಕತ್ತು ಬಾಗದಂತೆ ಅದರೊಳಗೆ ಕೂರುವ ಟ್ರಸ್ ರಾಡ್, ಈ ನಾಲ್ಕನ್ನು ಆನ್‌ಲೈನ್‌ನಲ್ಲಿ ಕೊಂಡುಕೊಳ್ಳಿ. ಒಡಲು, ಕತ್ತು, ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್, ವೈರಿಂಗ್ ನಿಮ್ಮ ಕೈಯಲ್ಲೇ ಆಗಲಿ. ಕೀಲಿಗಳನ್ನೂ ನಾನೇ ಮಾಡುತ್ತೇನೆ ಎಂದು ಹೊರಟು ಎರಡು ತಿಂಗಳು ಕಳೆದವನ ಮಾತಿದು.

ಒಂದು ತಂತಿಯ ಹಲಗೆ

ಗಿಟಾರಿಗೆ ಕೈ ಹಾಕುವ ಮುನ್ನ ಏಕತಾರಿಯೊಂದನ್ನು ಮಾಡಿಕೊಳ್ಳಿ. ತೊಲೆಯ ಚೂರೊಂದರಿಂದ 90 ಸೆಂ.ಮೀ. ಉದ್ದ, ಒಂದು ಗೇಣಿಗಿಂತ ಕಡಿಮೆ ಅಗಲ, 4 ಸೆಂ.ಮೀ. ದಪ್ಪದ ಹಲಗೆ ತೆಗೆಯಿರಿ. ಒಂದು ತುದಿಯಲ್ಲಿ ಕೀಲಿ, ಇನ್ನೊಂದು ತುದಿಯಲ್ಲಿ ತಂತಿ ಸಿಕ್ಕಿಸಲು ಸ್ಕ್ರೂ. ನಡುವೆ ಸರಿಯಾಗಿ 648 ಮಿ.ಮೀ. ಅಂತರದಲ್ಲಿ ಎರಡು ಬೋಲ್ಟುಗಳನ್ನು ಅಡ್ಡ ಮಲಗಿಸಿ, ಅವುಗಳ ಮೇಲೆ ತಂತಿ ಹಾಯಲಿ. ಇಷ್ಟೇ. ಆಕಾರ ಕೊಡುವುದು, ಬಣ್ಣ ಹಚ್ಚುವುದು ಯಾವುದೂ ಬೇಡ.

ಈ 648 ಎಲ್ಲಿಂದ ಬಂತು? ಫೆಂಡರ್ ಕಂಪನಿಯ ಹೆಚ್ಚಿನ ಗಿಟಾರುಗಳ ತಂತಿಯ ಅಳತೆ ಇಪ್ಪತ್ತೈದೂವರೆ ಇಂಚು, ಅಂದರೆ 648 ಮಿ.ಮೀ. ಗಿಬ್ಸನ್ ಕಂಪನಿಯದು ಇದಕ್ಕಿಂತ ಸುಮಾರು 20 ಮಿ.ಮೀ. ಕಡಿಮೆ. ಎರಡೂ ಸರಿಯೇ. ಉದ್ದ ಹೆಚ್ಚಿದ್ದಷ್ಟೂ ಫ್ರೆಟ್‌ಗಳ ನಡುವೆ ಜಾಗ ಹೆಚ್ಚು, ಮೊದಲ ಸಲ ಗರಗಸ ಹಿಡಿದವನ ಕೈಗೆ ಅದು ಅನುಕೂಲ.

ಹುಲಿಗಿಯಲ್ಲಿ ಜೋಗತಿಯರು ಚೌಡಿಕೆ ನುಡಿಸುವುದನ್ನು ನೋಡಿದ್ದರೆ ಈ ಹಲಗೆ ನಿಮಗೆ ಬೇಗ ಅರ್ಥವಾಗುತ್ತದೆ. ಚೌಡಿಕೆಯಲ್ಲಿ ತಂತಿಯ ಬಿಗುವನ್ನೇ ಏರಿಸಿ ಇಳಿಸಿ ಸ್ವರ ಬದಲಾಯಿಸುತ್ತಾರೆ. ಗಿಟಾರಿನಲ್ಲಿ ಬಿಗುವು ಇದ್ದಲ್ಲೇ ಇರುತ್ತದೆ, ಬದಲಾಗುವುದು ಉದ್ದ. ಹಲಗೆಯ ತಂತಿಯ ಮೇಲೆ ಸ್ಕ್ರೂಡ್ರೈವರಿನ ದಂಡವನ್ನು ಹಗುರವಾಗಿ ಜಾರಿಸಿ, ಸರಿಯಾಗಿ 324 ಮಿ.ಮೀ. ಮುಟ್ಟಿದಾಗ ಮೇಲಿನ ಸ್ಥಾಯಿಯ ಅದೇ ಸ್ವರ ಬರುತ್ತದೆ. 1930ರ ದಶಕದ ಆರಂಭದಲ್ಲಿ ರಿಕನ್‌ಬ್ಯಾಕರ್ ಕಂಪನಿ ಮಾರಿದ ಮೊದಲ ಎಲೆಕ್ಟ್ರಿಕ್ ಗಿಟಾರನ್ನು ನುಡಿಸುತ್ತಿದ್ದದ್ದೂ ಹೀಗೆಯೇ: ತೊಡೆಯ ಮೇಲೆ ಮಲಗಿಸಿ, ಉಕ್ಕಿನ ದಂಡ ಜಾರಿಸಿ.

ಈ ಹಲಗೆಯನ್ನು ಎಸೆಯಬೇಡಿ. ಪಿಕಪ್ ಪರೀಕ್ಷೆ ಇದರ ಮೇಲೆ, ಫ್ರೆಟ್ ಸೀಳು ಅಭ್ಯಾಸ ಇದರ ಮೇಲೆ, ಪಾಲಿಶ್ ಪ್ರಯೋಗ ಇದರ ಹಿಂಬದಿಗೆ. ನನ್ನ ಹಲಗೆ ಈಗ ಗೆದ್ದಲು ತಿಂದ ಬಾಗಿಲಿಗಿಂತ ಕಡೆಯಾಗಿ ಕಾಣುತ್ತದೆ, ಆದರೆ ಗಿಟಾರಿನ ಮೈಮೇಲೆ ಬರಬೇಕಿದ್ದ ಗಾಯಗಳೆಲ್ಲ ಅದರ ಮೇಲಿವೆ.

ಪಿಕಪ್: 42 ನಂಬರಿನ ಕಥೆ

ಪಿಕಪ್ ಎಂದರೆ ಅಯಸ್ಕಾಂತ ಮತ್ತು ಅದರ ಸುತ್ತ ಸುತ್ತಿದ ತಾಮ್ರದ ತಂತಿ. ಅಯಸ್ಕಾಂತದ ಪ್ರಭಾವದಲ್ಲಿರುವ, ಮೇಲೆ ಹಾಯ್ದ ಗಿಟಾರಿನ ಉಕ್ಕಿನ ತಂತಿ ಅಲುಗಾಡಿದರೆ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಆದ್ದರಿಂದ ನೈಲಾನ್ ತಂತಿ ಹಾಕಿದರೆ ಪಿಕಪ್ ಮೌನ ವ್ರತ ಹಿಡಿಯುತ್ತದೆ. ಉಕ್ಕು ಅಥವಾ ನಿಕ್ಕಲ್ ಸುತ್ತಿದ ಎಲೆಕ್ಟ್ರಿಕ್ ಗಿಟಾರ್ ತಂತಿಯೇ ಬೇಕು.

ತಾಮ್ರದ ತಂತಿ ಸುತ್ತುವ ಚೌಕಟ್ಟಿಗೆ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಸಿಗುವ ಹೈಲಮ್ ಶೀಟ್ ಸಾಕು. ಮೇಲೊಂದು, ಕೆಳಗೊಂದು ಪಟ್ಟಿ ಕತ್ತರಿಸಿ ಆರು ತೂತು ಕೊರೆಯಿರಿ. ಬ್ರಿಡ್ಜಿನ ಬಳಿ ಮೊದಲ ತಂತಿಗೂ ಆರನೆಯದಕ್ಕೂ 52 ಮಿ.ಮೀ. ಅಂತರವಿದ್ದರೆ ತೂತುಗಳ ನಡುವೆ 10.4 ಮಿ.ಮೀ. ಬರುತ್ತದೆ. ತೂತುಗಳಲ್ಲಿ 5 ಮಿ.ಮೀ. ದಪ್ಪದ ಆಲ್ನಿಕೋ ಅಯಸ್ಕಾಂತದ ಕಡ್ಡಿಗಳನ್ನು, ಎಲ್ಲದರ ಒಂದೇ ಧ್ರುವ ಮೇಲೆ ಬರುವಂತೆ ಕೂರಿಸಿ. ಅವು ಸಿಗದಿದ್ದರೆ ಅಷ್ಟೇ ದಪ್ಪದ ಕಬ್ಬಿಣದ ಬೋಲ್ಟು ಹಾಕಿ, ಕೆಳಗೆ ಕಪ್ಪು ಫೆರೈಟ್ ಅಯಸ್ಕಾಂತದ ಪಟ್ಟಿ ಅಂಟಿಸಿ. ಚಿಕ್ಕದಾಗಿ ಹೊಳೆಯುವ ನಿಯೋಡಿಮಿಯಂ ಅಯಸ್ಕಾಂತಗಳ ಮೋಹಕ್ಕೆ ಬೀಳಬೇಡಿ. ಅವುಗಳ ಸೆಳೆತ ಎಷ್ಟೆಂದರೆ ತಂತಿಯನ್ನೇ ಎಳೆದು ಹಿಡಿದು ಸ್ವರವನ್ನು ನಡುಗಿಸುತ್ತವೆ. ತಂತಿ ಸುತ್ತುವ ಮುನ್ನ ಕಡ್ಡಿಗಳ ಸುತ್ತ ಒಂದು ಪದರ ಟೇಪ್ ಹಾಕುವುದನ್ನು ಮರೆಯಬೇಡಿ.

ಈಗ ನನ್ನ ಪ್ರಮಾದ. ಎಲ್ಲ ಕಡೆಯೂ ‘42 ನಂಬರ್ ತಂತಿ’ ಎಂದು ಓದಿದ್ದೆ. ಅಂಗಡಿಯೊಂದಕ್ಕೆ ಹೋಗಿ 42 ನಂಬರಿನ ಎನಾಮೆಲ್ ತಂತಿ ಕೊಡಿ ಎಂದೆ. ಕೊಟ್ಟರು. ಅವರದೇನೂ ತಪ್ಪಿಲ್ಲ. ಮೂರು ಸಂಜೆ ಕೂತು ಸುತ್ತಿದೆ. ಮೂರು ಸಾವಿರ ಸುತ್ತಿಗೆಲ್ಲ ಚೌಕಟ್ಟು ತುಂಬಿ ಹೋಯಿತು. ಮಲ್ಟಿಮೀಟರ್ ಹಿಡಿದರೆ ಒಂದು ಕಿಲೋ ಓಮ್ ಕೂಡ ಇಲ್ಲ, ಬೇಕಾಗಿದ್ದದ್ದು ಆರು. ಕಾರಣ ಹುಡುಕಿದಾಗ ಗೊತ್ತಾಯಿತು: ಗಿಟಾರಿನವರು ಹೇಳುವ 42 ಅಮೆರಿಕದ ಗೇಜು, ಅದರ ದಪ್ಪ 0.063 ಮಿ.ಮೀ. ನಮ್ಮ ರಿವೈಂಡಿಂಗ್ ಅಂಗಡಿಗಳಲ್ಲಿ ನಡೆಯುವುದು ಬ್ರಿಟಿಷರ ಕಾಲದ ಎಸ್‌ಡಬ್ಲ್ಯುಜಿ ಗೇಜು, ಅದರಲ್ಲಿ 42 ಎಂದರೆ 0.10 ಮಿ.ಮೀ. ನಿಮಗೆ ಬೇಕಾದದ್ದು ನಮ್ಮ ಲೆಕ್ಕದಲ್ಲಿ 46 ನಂಬರ್. ನಂಬರಿನ ಗೋಜೇ ಬೇಡ, ‘0.063 ಮಿ.ಮೀ.’ ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಪಂಪ್‌ಸೆಟ್ ಮೋಟಾರ್ ಸುತ್ತುವ ಅಂಗಡಿಗಳಲ್ಲಿ ಇಷ್ಟು ತೆಳ್ಳನೆಯದು ಅಪರೂಪ, ತರಿಸಿಕೊಡುವಂತೆ ಕೇಳಬೇಕಾಗುತ್ತದೆ. ತಲೆಗೂದಲಿನಷ್ಟೇ ಸಪೂರವಾದ ತಂತಿಯದು.

ಸುಮಾರು 7,500ರಿಂದ 8,000 ಸುತ್ತು ಬೇಕು. ಬಾಯಲ್ಲಿ ಎಣಿಸಿದರೆ ಲೆಕ್ಕ ತಪ್ಪುವುದು ಖಂಡಿತ, ಆದ್ದರಿಂದ ಒಂದು ಹಳೆಯ ಕ್ಯಾಲ್ಕ್ಯುಲೇಟರನ್ನು ಬಿಚ್ಚಿ. ‘=’ ಗುಂಡಿಯ ಎರಡು ತುದಿಗಳಿಗೆ ಎರಡು ವೈರು ಬೆಸೆದು, ಅಯಸ್ಕಾಂತ ಹತ್ತಿರ ಬಂದಾಗ ಕೂಡಿಕೊಳ್ಳುವ ರೀಡ್ ಸ್ವಿಚ್‌ಗೆ ಜೋಡಿಸಿ. ಸುತ್ತುವ ದಂಡಕ್ಕೆ ಚಿಕ್ಕ ಅಯಸ್ಕಾಂತ ಅಂಟಿಸಿ. 1 + 1 ಒತ್ತಿ ಶುರು ಮಾಡಿದರೆ ಪ್ರತಿ ಸುತ್ತಿಗೂ ಅಂಕಿ ಒಂದೊಂದೇ ಏರುತ್ತದೆ. ದಂಡ ತಿರುಗಿಸಲು ವೇಗ ತಗ್ಗಿಸಬಹುದಾದ ಡ್ರಿಲ್ ಸಾಕು. ತಂತಿಯನ್ನು ಎರಡು ಬೆರಳ ನಡುವೆ ಮಕಮಲ್ ಬಟ್ಟೆಯ ಚೂರಿನಲ್ಲಿ ಹಿಡಿಯಿರಿ. ಬಿಗಿ ಹೆಚ್ಚಾದರೆ ಪಟ್ಟೆಂದು ಹರಿಯುತ್ತದೆ, ಸಡಿಲವಾದರೆ ಸುರುಳಿ ಉಬ್ಬುತ್ತದೆ. ಫ್ಯಾನ್ ಆರಿಸಿಯೇ ಕೂರಬೇಕು. ಇಲ್ಲದಿದ್ದರೆ ತಂತಿ ಗಾಳಿಗೆ ಹಾರಿ ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ. ಏಪ್ರಿಲ್‌ನಲ್ಲಿ ಫ್ಯಾನಿಲ್ಲದೆ ಕೂರುವುದು ಎಂದರೇನು ಎಂದು ಈ ಭಾಗದವರಿಗೆ ಹೇಳಬೇಕಾಗಿಲ್ಲ, ಬೆಳಗಿನ ಐದು ಗಂಟೆಗೆ ಏಳಿ.

ಇದೇ ಸೆಕೆ ಮೀಟರಿಗೂ ತಾಗುತ್ತದೆ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಶೇ 0.39ರಷ್ಟು ಏರುತ್ತದೆ. 20 ಡಿಗ್ರಿಯಲ್ಲಿ 6 ಕಿಲೋ ಓಮ್ ತೋರಿಸುವ ಪಿಕಪ್ ನಮ್ಮ 40 ಡಿಗ್ರಿಯ ಕೋಣೆಯಲ್ಲಿ 6.4 ದಾಟುತ್ತದೆ. ಹೊರದೇಶದ ಯಾರದೋ ಅಂಕಿ ನೋಡಿಕೊಂಡು ಸುತ್ತು ಹೆಚ್ಚಾಯಿತು ಎಂದು ನಾನು ಬಿಚ್ಚಲು ಹೋಗಿದ್ದೆ. ನೀವು ಹೋಗಬೇಡಿ.

ಸುತ್ತಿ ಮುಗಿದ ಮೇಲೆ ಮೇಣ ಕುಡಿಸಬೇಕು, ಇಲ್ಲವಾದರೆ ಜೋರು ಶಬ್ದದಲ್ಲಿ ಒಳಗಿನ ತಂತಿಗಳೇ ನಡುಗಿ ಕೀರಲು ಸದ್ದು ಬರುತ್ತದೆ. ಮೇಣದಬತ್ತಿಯ ಮೇಣವನ್ನು ಪಾತ್ರೆಯಲ್ಲಿ ಹಾಕಿ, ಆ ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ. ನೇರವಾಗಿ ಒಲೆಯ ಮೇಲಿಟ್ಟರೆ ಮೇಣಕ್ಕೆ ಬೆಂಕಿ ಹತ್ತಿಕೊಳ್ಳುತ್ತದೆ. 60–65 ಡಿಗ್ರಿಯಲ್ಲಿ ಪಿಕಪ್ ಮುಳುಗಿಸಿ, ಗುಳ್ಳೆ ಬರುವುದು ನಿಲ್ಲುವ ತನಕ ಕಾಯಿರಿ. ಮೇ ತಿಂಗಳ ಮಧ್ಯಾಹ್ನ ಗಿಟಾರನ್ನು ಮುಚ್ಚಿದ ಕಾರಿನಲ್ಲಿ ಬಿಟ್ಟು ಹೋದರೆ ಇದೇ ಮೇಣ ಮತ್ತೆ ಮೆತ್ತಗಾಗುತ್ತದೆ.

ಪಿಕಪ್ಪನ್ನು ಹಲಗೆಯ ತಂತಿಯ ಕೆಳಗೆ ಇಟ್ಟು ನುಡಿಸಿ ನೋಡಿ. ಮೊದಲ ಸಲ ಸ್ಪೀಕರಿನಿಂದ ಸ್ವರ ಹೊರಟಾಗ ನಮ್ಮ ಮನೆಯವರೆಲ್ಲ ಪಡಸಾಲೆಗೆ ಬಂದಿದ್ದರು.

ಮರ

ಹಳೆಯ ತೊಲೆಯ ದೊಡ್ಡ ಗುಣ ಅದು ಒಣಗಿರುವುದು. ಹಸಿ ಮರಕ್ಕೆ ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಎಂಬ ಲೆಕ್ಕವಿದೆ. ತೊಲೆಯಾದರೂ ಕೊಯ್ದ ಮೇಲೆ ಒಳಗಿನ ಮರ ಗಾಳಿಗೆ ತೆರೆದುಕೊಂಡು ಸ್ವಲ್ಪ ಹೊರಳುತ್ತದೆ. ಹಲಗೆಗಳನ್ನು ಮನೆಯೊಳಗೆ ನಡುವೆ ಕಡ್ಡಿ ಇಟ್ಟು ಪೇರಿಸಿ, ವಾರಕ್ಕೊಮ್ಮೆ ಕಿರಾಣಿ ತಕ್ಕಡಿಯಲ್ಲಿ ತೂಗಿ ಗೋಡೆಯ ಮೇಲೆ ಬರೆಯಿರಿ. ತೂಕ ಮೂರು ವಾರ ಬದಲಾಗದಿದ್ದರೆ ಕೆಲಸ ಶುರು ಮಾಡಬಹುದು.

ಒಡಲಿಗೆ 50 ಸೆಂ.ಮೀ. ಉದ್ದ, 35 ಸೆಂ.ಮೀ. ಅಗಲ, 4.4 ಸೆಂ.ಮೀ. ದಪ್ಪದ ಹಲಗೆ ಬೇಕು. ಸಾಗುವಾನಿಯಲ್ಲಿ ಇದು ಸುಮಾರು ಐದು ಕೆ.ಜಿ. ತೂಗುತ್ತದೆ, ಆಕಾರ ಕೊಯ್ದು ಗುಳಿ ತೋಡಿದ ಮೇಲೆ ಮೂರಕ್ಕೆ ಬರುತ್ತದೆ. ಅಷ್ಟು ಅಗಲದ ಹಲಗೆ ತೊಲೆಯಲ್ಲಿ ಸಿಗುವುದಿಲ್ಲ, ಮೂರು ತುಂಡು ಸೇರಿಸಿ ಫೆವಿಕಾಲ್ ಹಾಕಿ ಕ್ಲಾಂಪ್ ಬಿಗಿದು ಒಂದು ದಿನ ಬಿಡಿ. ಬೇವು, ಮಾವು ಕೂಡ ಆಗುತ್ತವೆ. ಕಿನ್ನಾಳದ ಗೊಂಬೆಗಳಿಗೆ ಬಳಸುವಂಥ ಹಗುರ ಮರ ಕೆತ್ತಲು ಬೆಣ್ಣೆಯಂತಿದ್ದರೂ ಅದರಲ್ಲಿ ಬ್ರಿಡ್ಜಿನ ಸ್ಕ್ರೂ ನಿಲ್ಲುವುದಿಲ್ಲ. ಆದರೆ ಕಿನ್ನಾಳದಿಂದ ನಾನು ಬೇರೊಂದನ್ನು ಎರವಲು ಪಡೆದೆ. ಅಲ್ಲಿನ ಚಿತ್ರಗಾರರು ಮರದ ಪುಡಿಗೆ ಹುಣಸೆ ಬೀಜದ ಅಂಟು ಕಲಸಿ ಮಾಡುವ ಕಿಟ್ಟದಂತೆ, ನಾನೂ ಸಾಗುವಾನಿ ಪುಡಿ ಕಲಸಿ ತೊಲೆಯ ಹಳೆಯ ಮೊಳೆತೂತುಗಳನ್ನು ಮುಚ್ಚಿದೆ. ಬಣ್ಣ ಎಷ್ಟು ಕೂಡಿತೆಂದರೆ ಎರಡು ತೂತು ಎಲ್ಲಿದ್ದವೋ ಈಗ ನನಗೇ ಸಿಗುವುದಿಲ್ಲ. ಭಾರ ಬೀಳುವ ಕಡೆ ಮಾತ್ರ ಅದೇ ಪುಡಿಗೆ ಅರಾಲ್ಡೈಟ್ ಸೇರಿಸಿ.

ಗರಗಸಕ್ಕೆ ಕೊಡುವ ಮುನ್ನ ಸ್ಪೀಕರಿನ ಅಯಸ್ಕಾಂತವನ್ನು ತೊಲೆಯ ಮೇಲೆಲ್ಲ ಆಡಿಸಿ. ಒಳಗೆ ಮುರಿದು ಉಳಿದ ಮೊಳೆ ಇದ್ದರೆ ಅದು ಕಚ್ಚಿ ಹೇಳುತ್ತದೆ.

ನೂಲಿಗೂ ಮಿ.ಮೀ.ಗೂ ಜಗಳ

ಕತ್ತಿನ ಮರ ಕೊಯ್ಯಿಸಲು ಹೋದಾಗ ಬಡಿಗ ಕಾಕಾ ಪೆನ್ಸಿಲ್ ಕಿವಿಗಿಟ್ಟು, ‘ತಮ್ಮಾ, ಒಂದರ್ಧ ನೂಲು ಆಚೆ ಈಚೆ ಆದರೆ ನಡೆಯುತ್ತದಲ್ಲ?’ ಎಂದು ಕೇಳಿದರು. ಒಂದು ನೂಲು ಇಂಚಿನ ಎಂಟನೇ ಒಂದು ಭಾಗ. ಅರ್ಧ ನೂಲೆಂದರೆ 1.6 ಮಿ.ಮೀ. ಗಿಟಾರಿನ ಹನ್ನೆರಡನೇ ಫ್ರೆಟ್ಟಿನ ಮೇಲೆ ತಂತಿ ಎಷ್ಟು ಎತ್ತರದಲ್ಲಿರಬೇಕೋ ಅಷ್ಟೇ ಅದು. ಬಾಗಿಲಿಗೆ ಅರ್ಧ ನೂಲು ಏನೂ ಅಲ್ಲ, ಇಲ್ಲಿ ಅದೇ ಎಲ್ಲವೂ. ಹಾಗೆಂದು ಹೇಳಿದಾಗ ಅವರು ಬೇಸರಿಸಲಿಲ್ಲ. ಕೊಯ್ಯುವಾಗ ಎರಡು ಮಿ.ಮೀ. ಹೆಚ್ಚು ಬಿಟ್ಟು, ‘ಉಳಿದದ್ದನ್ನು ನೀನೇ ರಂದಾ ಹೊಡೆದುಕೋ’ ಎಂದರು. ನಾನು ಕೊಡುವ ಸಲಹೆಯೂ ಅದೇ: ಯಂತ್ರದ ಕೆಲಸ ದೊಡ್ಡದಾಗಿ ಹೊರಗೆ ಮಾಡಿಸಿ, ಕೊನೆಯ ಎರಡು ಮಿ.ಮೀ. ಮನೆಯಲ್ಲಿ.

ಕತ್ತಿಗೆ ಒಂದೇ ತುಂಡಿನ ಬದಲು 20 ಮಿ.ಮೀ. ಅಗಲದ ಮೂರು ಪಟ್ಟಿ ಅಂಟಿಸಿ. ನಡುವಿನದನ್ನು ತಿರುವಿಹಾಕಿದರೆ ಒಂದರ ಬಾಗು ಇನ್ನೊಂದನ್ನು ತಡೆಯುತ್ತದೆ. ಸಾಮಾನ್ಯ ಹತ್ತರ ಗೇಜಿನ (ಅತಿ ತೆಳು ತಂತಿ ಇಂಚಿನ ಸಾವಿರದ ಹತ್ತು ಭಾಗ ದಪ್ಪ) ಆರು ತಂತಿಗಳು ಶ್ರುತಿಗೆ ಬಂದಾಗ ಒಟ್ಟು ಎಳೆತ ಸುಮಾರು 47 ಕೆ.ಜಿ., ಹೆಚ್ಚುಕಡಿಮೆ ಒಂದು ಸಿಮೆಂಟ್ ಚೀಲದ ಭಾರ. ಹಗಲು ರಾತ್ರಿ ಅದು ಕತ್ತನ್ನು ಮುಂದಕ್ಕೆ ಬಗ್ಗಿಸುತ್ತಲೇ ಇರುತ್ತದೆ. ಟ್ರಸ್ ರಾಡ್ ಬೇಕಾಗುವುದು ಇದಕ್ಕೇ. ಅದು ಕೂರುವ ಕಾಲುವೆಯನ್ನು ಕತ್ತಿಗೆ ದುಂಡು ಆಕಾರ ಕೊಡುವ ಮುನ್ನ, ಅಂಚುಗಳು ಇನ್ನೂ ನೇರವಿರುವಾಗಲೇ ತೋಡಿ.

ಕತ್ತಿನ ಮೇಲೆ ಫ್ರೆಟ್‌ಗಳು ಕೂರುವ ಬೆರಳು ಹಲಗೆಗೆ ಬೀಟೆ ಮರ ಹುಡುಕಿಕೊಂಡು ಹೋಗಬೇಕಿಲ್ಲ. ಬಂಡಿಯ ಗಾಲಿಗೆ ಹಾಕುತ್ತಿದ್ದ ಜಾಲಿ ನಮ್ಮ ಕಾಲಡಿಯಲ್ಲೇ ಇದೆ. ಚೆನ್ನಾಗಿ ಒಣಗಿದ ಜಾಲಿಯ 6 ಮಿ.ಮೀ. ಪಟ್ಟಿ ಗಟ್ಟಿಯಾಗಿ ನಿಲ್ಲುತ್ತದೆ. ಉಳಿಯ ಬಾಯಿ ಬೇಗ ಮೊಂಡಾಗುತ್ತದೆ, ಅಷ್ಟೇ. ಮೊದಲ ಗಿಟಾರಿಗೆ ಹಲಗೆಯ ಮೇಲ್ಮೈ ಸಪಾಟಾಗಿಯೇ ಇರಲಿ. ಕಾರ್ಖಾನೆಯ ಗಿಟಾರುಗಳಲ್ಲಿ ಇರುವ ಆ ಸಣ್ಣ ಉಬ್ಬು ಸುಖವೇ ಹೌದು, ಆದರೆ ಅದನ್ನು ಕೈಯಲ್ಲಿ ತರುವುದು ಎರಡನೇ ಗಿಟಾರಿನ ಪಾಠ.

ಫ್ರೆಟ್‌ಗಳು

ಲೆಕ್ಕ ಸರಳ. ತಂತಿಯ ಉದ್ದವನ್ನು 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್ ಸಿಗುತ್ತದೆ. ಉಳಿದ ಉದ್ದವನ್ನು ಮತ್ತೆ ಅದರಿಂದಲೇ ಭಾಗಿಸಿದರೆ ಎರಡನೆಯದು. ಹೀಗೇ ಮುಂದೆ. 648 ಮಿ.ಮೀ.ಗೆ ನಟ್‌ನಿಂದ, ಅಂದರೆ ಕತ್ತಿನ ತಲೆಯ ಬಳಿ ತಂತಿಗಳು ಹಾಯುವ ಸಣ್ಣ ಪಟ್ಟಿಯಿಂದ, ಅಳೆದರೆ ಮೊದಲನೆಯದು 36.37, ಎರಡನೆಯದು 70.70, ಮೂರನೆಯದು 103.10, ಐದನೆಯದು 162.55, ಏಳನೆಯದು 215.51, ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ 324, ಇಪ್ಪತ್ತೆರಡನೆಯದು 466.16. ಲೆಕ್ಕವನ್ನು ಮೆಟ್ಟಿಲು ಮೆಟ್ಟಿಲಾಗಿ ಮಾಡಿದರೂ ಗುರುತು ಹಾಕುವಾಗ ಪ್ರತಿ ಫ್ರೆಟ್ಟನ್ನೂ ನಟ್‌ನಿಂದಲೇ ಅಳೆಯಿರಿ. ಫ್ರೆಟ್ಟಿನಿಂದ ಫ್ರೆಟ್ಟಿಗೆ ಅಳೆಯುತ್ತ ಹೋದರೆ ಒಂದೊಂದರ ಕೂದಲೆಳೆ ತಪ್ಪು ಸೇರಿ ಹನ್ನೆರಡಕ್ಕೆ ಬರುವಾಗ ಒಂದು ಮಿ.ಮೀ. ಆಗಿರುತ್ತದೆ. ಗುರುತಿಗೆ ಪೆನ್ಸಿಲ್ ಬೇಡ, ಚಾಕುವಿನ ಮೊನೆ ಬೇಕು.

ಸೀಳಲು ಯಾವ ಗರಗಸ? ಫ್ರೆಟ್ ತಂತಿಯ ಕೆಳಗಿನ ನಾಲಿಗೆ ಅರ್ಧ ಮಿ.ಮೀ. ದಪ್ಪ, ಅದರ ಇಕ್ಕೆಲಗಳಲ್ಲಿ ಸಣ್ಣ ಮುಳ್ಳುಗಳು. ಸೀಳು 0.6 ಮಿ.ಮೀ. ಆಸುಪಾಸು ಇದ್ದರೆ ನಾಲಿಗೆ ಇಳಿಯುತ್ತದೆ, ಮುಳ್ಳು ಕಚ್ಚುತ್ತದೆ. ಬಡಿಗರ ಗರಗಸ ಇದಕ್ಕಿಂತ ಬಹಳ ಅಗಲ ಸೀಳುತ್ತದೆ. ನಾನು ಹಿಡಿದದ್ದು ಕಬ್ಬಿಣ ಕೊಯ್ಯುವ ಹ್ಯಾಕ್ಸಾ ಬ್ಲೇಡ್. ಬ್ಲೇಡಿನ ಮೈ 0.63 ಮಿ.ಮೀ. ಮಾತ್ರ, ಹಲ್ಲುಗಳು ಎಡಕ್ಕೂ ಬಲಕ್ಕೂ ವಾಲಿರುವುದರಿಂದ ಸೀಳು ಅಗಲವಾಗುತ್ತದೆ. ಸಾಣೆಕಲ್ಲಿನ ಮೇಲೆ ಎರಡೂ ಮಗ್ಗುಲನ್ನು ನಿಧಾನವಾಗಿ ಉಜ್ಜಿ ಆ ವಾಲಿಕೆಯನ್ನು ತೆಗೆದುಬಿಟ್ಟರೆ ಹತ್ತಾರು ರೂಪಾಯಿಯ ಬ್ಲೇಡು ಫ್ರೆಟ್ ಗರಗಸವಾಗುತ್ತದೆ. ಏಕತಾರಿ ಹಲಗೆಯ ಮೇಲೆ ಹತ್ತು ಸೀಳು ಹಾಕಿ, ಎರಡು ಫ್ರೆಟ್ ಬಡಿದು ಖಾತ್ರಿ ಮಾಡಿಕೊಂಡ ಮೇಲಷ್ಟೇ ಜಾಲಿಗೆ ಹೋಗಿ.

ಬಡಿಯುವಾಗ ಎರಡು ತುದಿ ಮೊದಲು, ನಡು ಆಮೇಲೆ, ಪ್ಲಾಸ್ಟಿಕ್ ಸುತ್ತಿಗೆಯಿಂದ. ಎಲ್ಲ ಕೂತ ಮೇಲೆ ಅವುಗಳ ತಲೆ ಒಂದೇ ಮಟ್ಟಕ್ಕೆ ಬರಬೇಕು. ಗ್ರಾನೈಟ್ ಅಂಗಡಿಯ ಹೊರಗೆ ಬಿದ್ದಿರುವ ಪಾಲಿಶ್ ಆದ ಪಟ್ಟಿಯೊಂದನ್ನು ಕೇಳಿ ತನ್ನಿ. ಅಷ್ಟು ಸಮತಟ್ಟಾದ ವಸ್ತು ನಿಮ್ಮ ಮನೆಯಲ್ಲಿ ಇನ್ನೊಂದಿಲ್ಲ. ಅದಕ್ಕೆ 320 ನಂಬರಿನ ಮರಳು ಕಾಗದ ಅಂಟಿಸಿ, ಫ್ರೆಟ್‌ಗಳ ತಲೆಗೆ ಮಾರ್ಕರ್ ಬಳಿದು, ಒತ್ತಡ ಹಾಕದೆ ಕಲ್ಲಿನ ಭಾರಕ್ಕೇ ಬಿಟ್ಟು ಜಾರಿಸಿ. ಎಲ್ಲದರ ಮೇಲಿನ ಮಸಿ ಅಳಿದರೆ ಮಟ್ಟ ಬಂದಂತೆ. ಚಪ್ಪಟೆಯಾದ ತಲೆಗಳನ್ನು ಸಣ್ಣ ಅರದಿಂದ ಮತ್ತೆ ದುಂಡಗೆ ಮಾಡಿ.

ದಾರ ಹಿಡಿದು ನೋಡಿ

ಒಡಲಲ್ಲಿ ಕತ್ತು ಕೂರುವ ಗುಳಿ 56 ಮಿ.ಮೀ. ಅಗಲ, 75 ಉದ್ದ, 16 ಆಳ. ಕತ್ತನ್ನು ಅಂಟಿಸಬೇಡಿ, ನಾಲ್ಕು ಸ್ಕ್ರೂ ಹಾಕಿ. ಬಿಚ್ಚಬಹುದಾದದ್ದನ್ನು ಮಾತ್ರ ತಿದ್ದಬಹುದು.

ಬ್ರಿಡ್ಜಿಗೆ ತೂತು ಕೊರೆಯುವ ಮುನ್ನ ನಟ್‌ನ ಮೊದಲ ಮತ್ತು ಆರನೇ ತಂತಿಯ ಗೆರೆಗಳಿಂದ ಬ್ರಿಡ್ಜಿನ ತನಕ ಎರಡು ದಾರ ಕಟ್ಟಿ ಬಿಗಿಯಾಗಿ ಎಳೆಯಿರಿ. ಎರಡೂ ದಾರಗಳಿಂದ ಬೆರಳು ಹಲಗೆಯ ಅಂಚಿಗೆ ಒಂದೇ ದೂರ ಇದೆಯೇ ನೋಡಿ. ನಾನು ದಾರ ಕಟ್ಟದೆ ಸ್ಕೇಲ್ ನಂಬಿ ಕೊರೆದೆ. ಬ್ರಿಡ್ಜು ಮೂರು ಮಿ.ಮೀ. ಓರೆಯಾಗಿ, ದಪ್ಪ ತಂತಿ ಹಲಗೆಯ ಅಂಚಿನಿಂದ ಕೆಳಗೆ ಜಾರತೊಡಗಿತು. ಗುಳಿಯ ಒಂದು ಮಗ್ಗುಲಿಗೆ ವಿನೀರ್ ಪಟ್ಟಿ ಅಂಟಿಸಿ, ಇನ್ನೊಂದು ಮಗ್ಗುಲು ಕೆತ್ತಿ, ಕತ್ತನ್ನೇ ಕೂದಲೆಳೆ ತಿರುಗಿಸಿ ಪಾರಾದೆ.

ಬ್ರಿಡ್ಜು ಎಷ್ಟು ದೂರದಲ್ಲಿರಬೇಕು? ಅತಿ ತೆಳು ತಂತಿಯ ಸ್ಯಾಡಲ್ ಅನ್ನು (ಬ್ರಿಡ್ಜಿನಲ್ಲಿ ಆ ತಂತಿ ಕೂರುವ ಸಣ್ಣ ತುಂಡು) ಪೂರ್ತಿ ಮುಂದಕ್ಕೆ ತಂದು, ಅಲ್ಲಿಂದ ಎರಡು ಮಿ.ಮೀ. ಹಿಂದೆ ಸರಿಸಿ. ಆ ಜಾಗ ನಟ್‌ನಿಂದ 648 ಮಿ.ಮೀ. ಇರಲಿ. ತಂತಿಯನ್ನು ಒತ್ತಿದಾಗ ಬಿಗುವು ಸ್ವಲ್ಪ ಏರುವುದರಿಂದ ಪ್ರತಿ ತಂತಿಗೂ ಲೆಕ್ಕಕ್ಕಿಂತ ಚೂರು ಹೆಚ್ಚು ಉದ್ದ ಬೇಕು. ತೆಳು ತಂತಿಗೆ ಒಂದೆರಡು ಮಿ.ಮೀ., ದಪ್ಪ ತಂತಿಗೆ ನಾಲ್ಕೈದು. ಕೊನೆಯ ಹೊಂದಾಣಿಕೆಗೆ ಮೊಬೈಲಿನ ಟ್ಯೂನರ್ ಸಾಕು. ಹನ್ನೆರಡನೇ ಫ್ರೆಟ್ಟಿನ ಮೇಲೆ ತಂತಿಯನ್ನು ಬರೀ ಮುಟ್ಟಿ ಮೀಟಿದ ಸ್ವರ, ಅಲ್ಲೇ ಒತ್ತಿ ಮೀಟಿದ ಸ್ವರ ಎರಡೂ ಒಂದೇ ಇರಬೇಕು. ಒತ್ತಿದ್ದು ಮೇಲಿದ್ದರೆ ಸ್ಯಾಡಲ್ ಹಿಂದಕ್ಕೆ, ಕೆಳಗಿದ್ದರೆ ಮುಂದಕ್ಕೆ.

ಸ್ಯಾಡಲ್‌ಗಳನ್ನು ಪೂರ್ತಿ ಇಳಿಸಿದರೂ ತಂತಿ ಮೇಲೆಯೇ ನಿಂತಿದ್ದರೆ ಬ್ರಿಡ್ಜನ್ನು ಮರದೊಳಗೆ ತೋಡಿ ಇಳಿಸಲು ಹೋಗಬೇಡಿ. ಕತ್ತು ಬಿಚ್ಚಿ, ಗುಳಿಯಲ್ಲಿ ಬ್ರಿಡ್ಜಿನ ಕಡೆಯ ತುದಿಗೆ ವಿಸಿಟಿಂಗ್ ಕಾರ್ಡಿನ ಒಂದು ಪಟ್ಟಿ ಇಟ್ಟು ಮತ್ತೆ ಬಿಗಿಯಿರಿ. ಕತ್ತು ಹಿಂದಕ್ಕೆ ವಾಲುತ್ತದೆ, ತಂತಿ ಇಳಿಯುತ್ತದೆ. ಮದುವೆ ಆಮಂತ್ರಣ ಪತ್ರಿಕೆ ಇನ್ನೂ ದಪ್ಪ, ಒಂದಕ್ಕೆ ಎರಡರ ಕೆಲಸ ಮಾಡುತ್ತದೆ.

ವೈರಿಂಗ್ ಮತ್ತು ಗುಂಯ್‌ಗುಟ್ಟುವಿಕೆ

ವಾಲ್ಯೂಮ್ ಒಂದು, ಟೋನ್ ಒಂದು, ಜ್ಯಾಕ್ ಒಂದು. ಪಿಕಪ್ಪಿನ ‘ಬಿಸಿ’ ವೈರು, ಅಂದರೆ ಸ್ವರವನ್ನು ಒಯ್ಯುವ ವೈರು, ವಾಲ್ಯೂಮ್ ಪಾಟ್‌ನ (ತಿರುಗಿಸಿ ರೋಧ ಬದಲಿಸುವ ಗುಂಡಿ) ಒಂದು ಬದಿಯ ಕಾಲಿಗೆ, ನಡುವಿನ ಕಾಲು ಜ್ಯಾಕಿನ ತುದಿಗೆ, ಇನ್ನೊಂದು ಬದಿಯ ಕಾಲು ಗ್ರೌಂಡಿಗೆ, ಅಂದರೆ ಎಲ್ಲಕ್ಕೂ ಸಾಮಾನ್ಯವಾದ ವಾಪಸು ದಾರಿಗೆ. ತಿರುಗಿಸಿದಾಗ ಉಲ್ಟಾ ಕೆಲಸ ಮಾಡಿದರೆ ಎರಡು ಬದಿಯ ಕಾಲು ಅದಲು ಬದಲು ಮಾಡಿ. ಟೋನ್ ಪಾಟ್‌ಗೆ 473 ಎಂದು ಬರೆದ ಕೆಪಾಸಿಟರ್ ಹಾಕಿ, ಅದು 0.047 ಮೈಕ್ರೋಫ್ಯಾರಡ್. ಪಾಟ್ 250 ಕಿಲೋ ಓಮ್ ಇರಬೇಕು. ಅಂಗಡಿಯಲ್ಲಿ 220 ಸಿಕ್ಕರೂ ವ್ಯತ್ಯಾಸ ಕೇಳಿಸುವುದಿಲ್ಲ. ಅಂಕಿಯ ಹಿಂದೆ ‘ಎ’ ಇದ್ದದ್ದೇ ಕೊಳ್ಳಿ. ‘ಬಿ’ ಹಾಕಿದರೆ ವಾಲ್ಯೂಮ್ ಬಹುಪಾಲು ಒಂದೇ ಕಡೆ ಗುಂಪುಗೂಡುತ್ತದೆ.

ಇನ್ನು ಗುಂಯ್‌ಗುಟ್ಟುವಿಕೆ. ಒಂಟಿ ಸುರುಳಿಯ ಪಿಕಪ್ ಮನೆಯ 50 ಹರ್ಟ್ಸ್ ವಿದ್ಯುತ್ತಿಗೆ ಆಂಟೆನಾ ಇದ್ದಂತೆ. ಪಿಕಪ್ ಗುಳಿಯ ಒಳಗೆಲ್ಲ ತಾಮ್ರದ ಟೇಪ್ ಅಂಟಿಸಿ, ಪಟ್ಟಿಗಳ ಸಂದುಗಳಿಗೆ ಬೆಸುಗೆ ಹಾಕಿ, ಗ್ರೌಂಡಿಗೆ ಸೇರಿಸಿ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯೂ ತಡೆಯುತ್ತದೆ, ಆದರೆ ಅದಕ್ಕೆ ಬೆಸುಗೆ ಹಿಡಿಯುವುದಿಲ್ಲ, ಸ್ಕ್ರೂ ಮತ್ತು ವಾಷರ್ ಬಿಗಿದು ವೈರು ಕಚ್ಚಿಸಬೇಕು. ಬ್ರಿಡ್ಜಿನ ಕೆಳಗಿನಿಂದಲೂ ಒಂದು ವೈರು ಗ್ರೌಂಡಿಗೆ ಬರಲಿ. ಆಮೇಲೆ ತಂತಿ ಮುಟ್ಟಿ ನೋಡಿ. ಮುಟ್ಟಿದಾಗ ಸದ್ದು ತಗ್ಗಿದರೆ ಗ್ರೌಂಡ್ ಸರಿಯಿದೆ, ಟೇಪಿನ ಕೆಲಸ ಸಾಲದು. ಮುಟ್ಟಿದಾಗ ಹೆಚ್ಚಾದರೆ ಜ್ಯಾಕಿನಲ್ಲಿ ಎರಡು ವೈರು ಅದಲು ಬದಲಾಗಿವೆ. ಏನೂ ಬದಲಾಗದಿದ್ದರೆ ಬ್ರಿಡ್ಜಿನ ವೈರು ಬಿಟ್ಟುಹೋಗಿದೆ. ಕರೆಂಟ್ ಹೋಗಿ ಇನ್ವರ್ಟರ್ ಹೊತ್ತಿಕೊಂಡಾಗ ಹೊಸದಾಗಿ ಕರ್ಕಶ ಸದ್ದು ಕೇಳಿದರೆ ಗಿಟಾರ್ ಬಿಚ್ಚಬೇಡಿ, ಅದು ಇನ್ವರ್ಟರಿನದೇ ಸಂಗೀತ.

ಒಂದು ವಿಷಯದಲ್ಲಿ ಮಾತ್ರ ನನಗೆ ತಮಾಷೆ ಬರುವುದಿಲ್ಲ. ತಂತಿಗಳೆಲ್ಲ ಗ್ರೌಂಡಿಗೆ ಸೇರಿರುವುದರಿಂದ ಆಂಪ್ಲಿಫೈಯರಿನಲ್ಲಿ ದೋಷವಿದ್ದರೆ ಶಾಕ್ ನೇರವಾಗಿ ನಿಮ್ಮ ಕೈಗೆ. ಹಳೆಯ ಮನೆಗಳ ಮೂರು ಪಿನ್ನಿನ ಸಾಕೆಟ್ಟಿನಲ್ಲಿ ಮೇಲಿನ ತೂತಿಗೆ ವೈರೇ ಇರುವುದಿಲ್ಲ. ಅರ್ಥಿಂಗ್ ಇದ್ದರೂ ನಮ್ಮ ಬೇಸಿಗೆಯಲ್ಲಿ ಗುಂಡಿಯ ಮಣ್ಣು ಒಣಗಿ ಅದು ದುರ್ಬಲವಾಗುತ್ತದೆ, ನೀರು ಹಾಕುತ್ತಿರಬೇಕು. ಎಲೆಕ್ಟ್ರಿಷಿಯನ್‌ನಿಂದ ಅಳೆಸುವ ತನಕ ಬ್ಯಾಟರಿಯ ಆಂಪ್ ಬಳಸಿ. ಎಲ್‌ಎಂ 386 ಎಂಬ ಎಂಟು ಕಾಲಿನ ಐಸಿ, 9 ವೋಲ್ಟ್ ಬ್ಯಾಟರಿ, 8 ಓಮ್ ಸ್ಪೀಕರ್, ನಾಲ್ಕೈದು ಬಿಡಿಭಾಗ ಸಾಕು. ಒಂದನೇ ಮತ್ತು ಎಂಟನೇ ಕಾಲಿನ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ವರ್ಧನೆ 20ರಿಂದ 200ಕ್ಕೆ ಏರುತ್ತದೆ. ಪಿಕಪ್ಪನ್ನು ನೇರವಾಗಿ ಜೋಡಿಸಿದರೆ ಸ್ವರ ಕಂಬಳಿ ಹೊದ್ದಂತೆ ಕೇಳುತ್ತದೆ, ಏಕೆಂದರೆ ಈ ಐಸಿಯ ಒಳದಾರಿಯ ರೋಧ 50 ಕಿಲೋ ಓಮ್ ಮಾತ್ರ. ನಡುವೆ ಟಿಎಲ್ 072 ಐಸಿಯ ಬಫರ್, ಅಂದರೆ ಪಿಕಪ್ಪಿನ ಮೇಲೆ ಭಾರ ಬೀಳದಂತೆ ತಡೆಯುವ ಹಂತ, ಇಟ್ಟು, ಅದರ ಒಳದಾರಿಗೆ 1 ಮೆಗಾ ಓಮ್ ಹಾಕಿದರೆ ಕಂಬಳಿ ಸರಿಯುತ್ತದೆ.

ಪಾಲಿಶ್, ಮತ್ತು ಬೇಸಿಗೆ

ಬಡಿಗರು ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚುವ ಅರಗಿನ ಪಾಲಿಶ್ ನೋಡಲು ಚೆಂದ. ಆದರೆ ನಮ್ಮ ಸೆಕೆ, ಬೆವರಿಗೆ ಅದು ಮೆತ್ತಗಾಗಿ ಮುಂಗೈ ಅಂಟುತ್ತದೆ. ಒಡಲಿಗೆ ಪಿಯು (ಪಾಲಿಯುರೆಥೇನ್) ಪಾಲಿಶ್ ಹಚ್ಚಿಸಿ. ಕತ್ತಿನ ಹಿಂಬದಿಗೆ ಬಣ್ಣದ ಅಂಗಡಿಯ ಅಗಸೆ ಎಣ್ಣೆ ತೆಳುವಾಗಿ ಸವರಿ ಒರೆಸಿದರೆ ಕೈ ಸರಾಗವಾಗಿ ಜಾರುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗಿ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ನೀರಿನಲ್ಲಿ ನೆನೆಸಿ, ಇಲ್ಲವೇ ಹೊರಗೆ ಅಗಲವಾಗಿ ಹರಡಿ.

ಶ್ರಾವಣದಲ್ಲಿ ಮುಗಿಸಿದ ನನ್ನ ಗಿಟಾರಿನ ಅಂಚು ಚಿತ್ತಾರದ ಬಟ್ಟಲಿನಷ್ಟು ನುಣುಪಾಗಿತ್ತು. ಏಪ್ರಿಲ್ ಬಂದಾಗ ಕೈ ಜಾರಿಸಿದರೆ ಬೆರಳಿಗೆ ಮುಳ್ಳಿನಂತೆ ಚುಚ್ಚತೊಡಗಿತು. ಒಣಹವೆಗೆ ಜಾಲಿಯ ಪಟ್ಟಿ ಅಗಲದಲ್ಲಿ ಕುಗ್ಗಿತ್ತು, ಉಕ್ಕಿನ ಫ್ರೆಟ್‌ಗಳು ಕುಗ್ಗಿರಲಿಲ್ಲ, ನಲವತ್ತನಾಲ್ಕು ತುದಿಗಳು ಹೊರಗೆ ಇಣುಕಿದ್ದವು. ಕತ್ತಿನ ಅಂಚಿಗೆ ಟೇಪ್ ಹಚ್ಚಿ, ಸಣ್ಣ ಅರದಿಂದ ಒಂದೊಂದೇ ತುದಿಯನ್ನು ಮರದ ಮಟ್ಟಕ್ಕೆ ಉಜ್ಜಿದೆ. ಈ ಕೆಲಸವನ್ನು ಮಳೆಗಾಲದಲ್ಲಿ ಮಾಡಿದರೆ ಪ್ರಯೋಜನವಿಲ್ಲ. ಮೇ ಮೂರನೇ ವಾರದ ಮಧ್ಯಾಹ್ನ, ಮರ ಎಷ್ಟು ಕುಗ್ಗಬೇಕೋ ಅಷ್ಟು ಕುಗ್ಗಿದಾಗ ಮಾಡಿ. ಅದಾದ ಮೇಲೆ ಇನ್ನೊಮ್ಮೆ ಅರ ಹಿಡಿಯುವ ಪ್ರಸಂಗ ನನಗೆ ಬಂದಿಲ್ಲ.